ಬೆಂಗಳೂರಿನ ನೀರು ನರಸಾಪುರದ ಕೆರೆಗೆ ಬಂತು, ಲೋಕಲ್ ರೈಲು ಯಾಕೆ ಬರಲ್ಲ?

ರಾತ್ರಿ ಹತ್ತು ಗಂಟೆಗೆ ನರಸಾಪುರದ ಹೆದ್ದಾರಿ ಪಕ್ಕ ಒಂದು ಸಲ ಹೋಗಿ ನಿಂತುಕೊಳ್ಳಿ. ಎರಡನೇ ಶಿಫ್ಟ್ ಬಿಡುವ ಹೊತ್ತು. ಕಂಪನಿ ಬಸ್ಸುಗಳು ಸಾಲಾಗಿ ನಿಂತಿರುತ್ತವೆ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಕೆಜಿಎಫ್ ಅಂತ ಬೋರ್ಡು ನೋಡಿಕೊಂಡು ಹುಡುಗರು, ಹುಡುಗಿಯರು ಓಡುತ್ತಾರೆ. ಸ್ವಲ್ಪ ಹೊತ್ತಿಗೆ ಬಸ್ಸುಗಳೆಲ್ಲ ಹೊರಟುಹೋಗುತ್ತವೆ. ಆಮೇಲೆ ಉಳಿಯುತ್ತಾರಲ್ಲ, ಅವರನ್ನು ನೋಡಿ. ದಿನಗೂಲಿಯ ಗುತ್ತಿಗೆಯವರು, ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಅಕ್ಕಂದಿರು, ಸೆಕ್ಯುರಿಟಿಯ ಅಣ್ಣಂದಿರು, ಹೀಗೆ ಬಸ್ ಪಟ್ಟಿಯಲ್ಲಿ ಹೆಸರಿಲ್ಲದವರು. ಅವರು ಟೆಂಪೊಗೆ ಕೈ ಅಡ್ಡ ಹಾಕುತ್ತಾರೆ, ಲಾರಿಗೆ ಕೈ ಅಡ್ಡ ಹಾಕುತ್ತಾರೆ. ಒಂದು ಬೈಕಿನಲ್ಲಿ ಮೂರು ಜನ ಹತ್ತುತ್ತಾರೆ. ಅದೇ ರಸ್ತೆಯಲ್ಲಿ ಚೆನ್ನೈ ಕಡೆಯ ಕಂಟೇನರ್ ಲಾರಿಗಳು ಗಾಳಿ ಬೀಸಿಕೊಂಡು ಹೋಗುತ್ತಿರುತ್ತವೆ.

ಮನೆಯಲ್ಲಿ ಅಮ್ಮ ಮುದ್ದೆ ತಟ್ಟೆ ಮುಚ್ಚಿಟ್ಟು ಫೋನ್ ಕೈಯಲ್ಲಿ ಹಿಡಿದು ಕೂತಿರುತ್ತಾಳೆ. "ಎಲ್ಲಿದ್ದೀಯಮ್ಮ?" "ಹೈವೇಲಿದ್ದೀನಿ, ಗಾಡಿ ಸಿಕ್ಕಿಲ್ಲ." ಈ ಮಾತು ನಮ್ಮ ಹೋಬಳಿಯ ಎಷ್ಟು ಮನೆಗಳಲ್ಲಿ ದಿನಾ ನಡೆಯುತ್ತದೆ ಅನ್ನುವುದು ಇದನ್ನು ಓದುತ್ತಿರುವ ನಿಮಗೆ ನಮಗಿಂತ ಚೆನ್ನಾಗಿ ಗೊತ್ತು.

ಇಷ್ಟಕ್ಕೂ ನರಸಾಪುರ ಯಾರಿಗೂ ಗೊತ್ತಿಲ್ಲದ ಕುಗ್ರಾಮವಲ್ಲ. ಹೊಂಡಾ ಬೈಕು ಇಲ್ಲಿ ತಯಾರಾಗುತ್ತದೆ. ಐಫೋನು ಇಲ್ಲಿ ತಯಾರಾಗಿ ದೇಶ ದೇಶಕ್ಕೆ ಹೋಗುತ್ತದೆ. ರಾಗಿ, ಹಿಪ್ಪುನೇರಳೆ, ಟೊಮೆಟೊ ಬೆಳೆಯುತ್ತಿದ್ದ ಹೊಲಗಳನ್ನು ನಮ್ಮ ರೈತರು ಕೊಟ್ಟಿದ್ದಕ್ಕೇ ಈ ಕಾರ್ಖಾನೆಗಳು ಎದ್ದು ನಿಂತಿವೆ. ಆದರೆ ಇಷ್ಟು ಜನ ದುಡಿಯುವ ಈ ಊರಿಗೆ ಒಂದು ರೈಲ್ವೆ ಸ್ಟೇಷನ್ ಇಲ್ಲ. ಹತ್ತಿರದ ಸ್ಟೇಷನ್ ಅಂದರೆ ಒಂದು ಕಡೆ ಮಾಲೂರು, ಇನ್ನೊಂದು ಕಡೆ ಕೋಲಾರ. ಎರಡಕ್ಕೂ ಹದಿನೈದು ಇಪ್ಪತ್ತು ಕಿ.ಮೀ. ಹೋಗಬೇಕು. ಹೋದರೂ ನಿಮ್ಮ ಶಿಫ್ಟಿನ ಹೊತ್ತಿಗೆ ಅಲ್ಲಿ ರೈಲು ಸಿಗುತ್ತದೆ ಅನ್ನುವ ಭರವಸೆ ಇಲ್ಲ.

ನಮ್ಮ ವಾದ ಇಷ್ಟೇ. ಈ ಜಿಲ್ಲೆಗೆ ಬೇಕಾಗಿರುವುದು ಬುಲೆಟ್ ರೈಲಲ್ಲ, ವಂದೇ ಭಾರತ್ ಅಲ್ಲ, ಎಕ್ಸ್‌ಪ್ರೆಸ್‌ವೇನೂ ಅಲ್ಲ. ಬೊಂಬಾಯಿಯವರಿಗೆ ನೂರು ವರ್ಷದ ಹಿಂದೆ ಸಿಕ್ಕಿದ್ದು, ಮದ್ರಾಸಿನವರಿಗೆ 1931ರಲ್ಲಿ ಸಿಕ್ಕಿದ್ದು ನಮಗೆ ಬೇಕು. ದುಡಿಯುವವರ ಹೊತ್ತಿಗೆ ಸರಿಯಾಗಿ, ಮೇಲಿಂದ ಮೇಲೆ, ಎಲ್ಲ ಸ್ಟೇಷನ್‌ಗಳಲ್ಲೂ ನಿಂತು ಹೋಗುವ ಕರೆಂಟು ರೈಲು. ಇದು ದೊಡ್ಡ ಬೇಡಿಕೆ ಅಂತ ಯಾರಾದರೂ ಹೇಳಿದರೆ ಅವರಿಗೆ ಈ ಜಿಲ್ಲೆಯ ಚರಿತ್ರೆ ಗೊತ್ತಿಲ್ಲ ಅಂತಲೇ ಅರ್ಥ.

ಚರಿತ್ರೆಯನ್ನು ಬೊಂಬಾಯಿಯಿಂದಲೇ ಶುರು ಮಾಡೋಣ.

1925ರ ಫೆಬ್ರವರಿ 3. ಬೊಂಬಾಯಿಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಗೆ ಭಾರತದ ಮೊದಲ ವಿದ್ಯುತ್ ಪ್ಯಾಸೆಂಜರ್ ರೈಲು ಹೊರಟಿತು. ಆಗಿನ ಗವರ್ನರ್ ಲೆಸ್ಲಿ ವಿಲ್ಸನ್ ಉದ್ಘಾಟನೆ ಮಾಡಿದರು. ಹಳಿಯ ಮೇಲೆ ಎಳೆದಿದ್ದ ತಂತಿಯಲ್ಲಿ 1500 ವೋಲ್ಟ್ ಡಿಸಿ ಕರೆಂಟು. ಅದರಲ್ಲಿ ಓಡಿದ್ದು ರಾಜ ಮಹಾರಾಜರ ಮೆರವಣಿಗೆ ಗಾಡಿಯಲ್ಲ, ಲೋಕಲ್ ರೈಲು. ಮೂರು ವರ್ಷದಲ್ಲಿ, 1928ರಲ್ಲಿ, ಚರ್ಚ್‌ಗೇಟ್‌ನಿಂದ ಬೊರಿವಲಿಗೂ ಕರೆಂಟು ರೈಲು ಬಂತು. 1931ರಲ್ಲಿ ಮದ್ರಾಸಿನ ಬೀಚ್ ಸ್ಟೇಷನ್‌ನಿಂದ ತಾಂಬರಂಗೆ ಬಂತು, ಅದೂ ಮೀಟರ್ ಗೇಜ್ ಹಳಿಯ ಮೇಲೆ. 1957ರಲ್ಲಿ ಹೌರಾ ಕಡೆ ಬಂತು. ಬೆಂಗಳೂರಿಗೆ? ಬೆಂಗಳೂರಿನ ಕತೆಗೆ ಆಮೇಲೆ ಬರುತ್ತೇವೆ.

ಹೊಗೆಬಂಡಿ ಇದ್ದಾಗ ಕರೆಂಟಿಗೆ ಯಾಕೆ ಹೋದರು ಅನ್ನುವುದನ್ನು ಒಂದು ನಿಮಿಷ ನೋಡಬೇಕು. ನಮ್ಮ ಜಿಲ್ಲೆಯ ಉತ್ತರ ಅದರಲ್ಲೇ ಇದೆ.

ಹತ್ತು ಗಾಡಿಗಳನ್ನು ಒಂದರ ಹಿಂದೆ ಒಂದು ಕಟ್ಟಿ, ಮುಂದೆ ಒಂದೇ ಜೋಡಿ ಎತ್ತು ಹೂಡಿದರೆ ಏನಾಗುತ್ತದೆ? ಎತ್ತು ಎಷ್ಟೇ ಗಟ್ಟಿ ಇರಲಿ, ಹೊರಡುವುದೇ ನಿಧಾನ. ನಿಲ್ಲಿಸಿ ಮತ್ತೆ ಹೊರಡಿಸಬೇಕು ಅಂದರೆ ಜೀವ ಹೋಗುತ್ತದೆ. ಹಳೇ ಉಗಿ ಎಂಜಿನ್ನಿನ ರೈಲು ಹಾಗೆ. ಪ್ರತಿ ಎರಡು ಮೂರು ಕಿ.ಮೀ.ಗೆ ನಿಲ್ಲುವ ಲೋಕಲ್ ರೈಲಿಗೆ ಅದು ಆಗಿಬರುತ್ತಿರಲಿಲ್ಲ. ಕೊನೆಯ ಸ್ಟೇಷನ್ ಮುಟ್ಟಿದ ಮೇಲೆ ಎಂಜಿನ್ ಬಿಚ್ಚಿ, ಸುತ್ತು ಹಾಕಿಸಿ, ಇನ್ನೊಂದು ತುದಿಗೆ ತಂದು ಕಟ್ಟಬೇಕು. ಕಲ್ಲಿದ್ದಲು ತುಂಬಬೇಕು, ನೀರು ತುಂಬಬೇಕು.

ಇದಕ್ಕೆ ದಾರಿ ಕಂಡುಹಿಡಿದವನು ಅಮೆರಿಕದ ಎಂಜಿನಿಯರ್ ಫ್ರಾಂಕ್ ಸ್ಪ್ರೇಗ್. 1897ರಲ್ಲಿ ಷಿಕಾಗೊದಲ್ಲಿ ಅವನು ಬೋಗಿಗಳಿಗೇ ಮೋಟಾರು ಕೂಡಿಸಿದ. ಪ್ರತಿ ಗಾಡಿಗೂ ಅದರದ್ದೇ ಎತ್ತು ಹೂಡಿದಂತೆ. ಅಷ್ಟೂ ಮೋಟಾರುಗಳನ್ನು ಮುಂದೆ ಕೂತ ಒಬ್ಬನೇ ಡ್ರೈವರ್ ಒಂದೇ ಹಿಡಿಯಿಂದ ನಡೆಸಬಹುದು. ರೈಲು ನಿಂತಲ್ಲಿಂದ ಬೇಗ ವೇಗ ಹಿಡಿಯುತ್ತದೆ. ಎರಡೂ ತುದಿಯಲ್ಲಿ ಡ್ರೈವರ್ ಕೋಣೆ ಇರುವುದರಿಂದ ಎಂಜಿನ್ ಬಿಚ್ಚುವ ಕೆಲಸವೇ ಇಲ್ಲ. ಡ್ರೈವರ್ ಇಳಿದು ಆ ತುದಿಗೆ ನಡೆದುಹೋದರೆ ರೈಲು ವಾಪಸ್ ಹೊರಡಲು ತಯಾರು. ಹಾಗಾಗಿ ಅದೇ ಹಳಿಯ ಮೇಲೆ ಹೆಚ್ಚು ರೈಲು ಓಡಿಸಬಹುದು. ಲೋಕಲ್ ರೈಲಿನ ಗುಟ್ಟೇ ಇದು. ಅದಕ್ಕೆ ಗಂಟೆಗೆ ನೂರೈವತ್ತು ಕಿ.ಮೀ. ವೇಗ ಬೇಕಿಲ್ಲ, ಮೇಲಿಂದ ಮೇಲೆ ಬಂದರೆ ಸಾಕು. ಈ ರೈಲು ತಪ್ಪಿದರೆ ಇನ್ನೊಂದು ಇದೆ ಅನ್ನುವ ಧೈರ್ಯ ಇರಬೇಕು. ಆ ಧೈರ್ಯ ಇದ್ದರೆ ಮನುಷ್ಯ ಊರಲ್ಲೇ ಮನೆ ಇಟ್ಟುಕೊಂಡು ದೂರದಲ್ಲಿ ಕೆಲಸ ಮಾಡಬಹುದು. ಬೊರಿವಲಿಯವರು, ತಾಂಬರಂನವರು ಬದುಕಿದ್ದು ಹಾಗೇ.

ಈಗ ನಮ್ಮ ಜಿಲ್ಲೆಗೆ ಬನ್ನಿ. ಬೊಂಬಾಯಿಯಲ್ಲಿ ಆ ಮೊದಲ ರೈಲು ಓಡಿದ್ದು 1925ರಲ್ಲಿ. ಕೋಲಾರ ಜಿಲ್ಲೆಗೆ ಕರೆಂಟು ಬಂದಿದ್ದು ಯಾವಾಗ? 1902ರ ಜೂನ್ 30ಕ್ಕೆ. ಇಪ್ಪತ್ತಮೂರು ವರ್ಷ ಮೊದಲು!

ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ಕರೆಂಟನ್ನು ಸುಮಾರು 147 ಕಿ.ಮೀ. ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ತಂದರು. ಅಷ್ಟು ದೂರ ಕರೆಂಟು ಸಾಗಿಸಿದ್ದು ಆ ಕಾಲಕ್ಕೆ ಪ್ರಪಂಚದಲ್ಲೇ ದೊಡ್ಡ ಸಾಹಸ. ದಿವಾನ್ ಶೇಷಾದ್ರಿ ಅಯ್ಯರ್ ಯೋಜಿಸಿದ್ದು ಅದು, ದೀಪ ಹತ್ತುವುದನ್ನು ನೋಡಲು ಪಾಪ ಅವರು ಬದುಕಿರಲಿಲ್ಲ. ಬೆಂಗಳೂರು ಪೇಟೆಗೆ ಬೀದಿ ದೀಪ ಬಂದಿದ್ದು 1905ರಲ್ಲಿ, ನಮ್ಮ ಗಣಿಗೆ ಬಂದ ಮೂರು ವರ್ಷಕ್ಕೆ. ಬೆಂಗಳೂರಿಗಿಂತ ಮುಂಚೆ ನಮ್ಮ ಜಿಲ್ಲೆ ಕರೆಂಟು ಕಂಡಿತು ಅಂತ ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ನಾವೂ ಶಾಲೆಯಲ್ಲಿ ಬರೆದು ಮಾರ್ಕು ತೆಗೆದುಕೊಂಡಿದ್ದೇವೆ.

ಆದರೆ ಆ ತಂತಿ ದಾರಿಯಲ್ಲಿದ್ದ ಹಳ್ಳಿಗಳ ತಲೆಯ ಮೇಲೆ ಹಾದುಹೋಯಿತು ಅನ್ನುವುದನ್ನು ಭಾಷಣದಲ್ಲಿ ಯಾರೂ ಹೇಳುವುದಿಲ್ಲ. ಕರೆಂಟು ಬಂದಿದ್ದು ಜನಕ್ಕಲ್ಲ, ಚಿನ್ನಕ್ಕೆ. ಅದಿರು ಪುಡಿ ಮಾಡುವ ಯಂತ್ರಕ್ಕೆ, ಗುಂಡಿಯಿಂದ ತೊಟ್ಟಿಲು ಮೇಲೆತ್ತುವ ಯಂತ್ರಕ್ಕೆ. ಹಳ್ಳಿಯಲ್ಲಿ ಸೀಮೆಎಣ್ಣೆ ಬುಡ್ಡಿಯೇ ಉರಿಯುತ್ತಿತ್ತು.

ರೈಲಿನ ಕತೆಯೂ ಅದೇ. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ರೈಲು ಬಂದಿದ್ದು 1864ರಲ್ಲಿ. ಮಾಲೂರು, ಟೇಕಲ್, ಬಂಗಾರಪೇಟೆ ಅಂದಿನಿಂದ ಹಳಿಯ ಪಕ್ಕದ ಊರುಗಳು. 1894ರಲ್ಲಿ ಬಂಗಾರಪೇಟೆಯಿಂದ, ಆಗ ಅದರ ಹೆಸರು ಬೌರಿಂಗ್‌ಪೇಟೆ, ಮಾರಿಕುಪ್ಪಂಗೆ ಹಳಿ ಹಾಕಿದರು. ಯಾಕೆ? ಗಣಿ ಇತ್ತು, ಅದಕ್ಕೆ. ಜಿಲ್ಲಾ ಕೇಂದ್ರವಾದ ಕೋಲಾರಕ್ಕೆ ರೈಲು ಬಂದಿದ್ದು 1913ರಲ್ಲಿ, ಅದೂ ಸಣ್ಣ ನ್ಯಾರೋ ಗೇಜ್. ಚಿನ್ನಕ್ಕೆ ಮೊದಲು ಹಳಿ, ಜನಕ್ಕೆ ಹತ್ತೊಂಬತ್ತು ವರ್ಷ ಆದಮೇಲೆ ಆಟಿಕೆಯಂಥ ರೈಲು. ಅದನ್ನು ಬ್ರಾಡ್‌ಗೇಜ್ ಮಾಡಿ ಚಿಕ್ಕಬಳ್ಳಾಪುರದವರೆಗೆ ಮುಟ್ಟಿಸಲು 2013ರವರೆಗೆ ಕಾಯಬೇಕಾಯಿತು.

ಒಂದು ಮಾತು ಒಪ್ಪಿಕೊಳ್ಳಬೇಕು. ಚಿನ್ನಕ್ಕೆ ಅಂತ ಹಾಕಿದ ಆ ಹಳಿಯೇ ಕೊನೆಗೆ ಕೆಜಿಎಫ್ ಜನರನ್ನು ಕಾಪಾಡಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಊರಿಗೆ ಊರೇ ಕೆಲಸ ಕಳೆದುಕೊಂಡಿತು. ಆ ಜನ ಹಸಿವಿನಿಂದ ಸಾಯದೆ ಉಳಿದಿದ್ದು ಬೆಳಗಿನ ಜಾವದ ರೈಲಿನಿಂದ. ಇವತ್ತಿಗೂ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಸ್ಟೇಷನ್‌ಗಳಲ್ಲಿ ಕತ್ತಲಿರುವಾಗಲೇ ಜನ ಟಿಫನ್ ಬಾಕ್ಸ್ ಹಿಡಿದು ನಿಂತಿರುತ್ತಾರೆ. ಬೆಂಗಳೂರಿಗೆ ಹೋಗಿ, ದುಡಿದು, ರಾತ್ರಿ ವಾಪಸ್ ಬರುತ್ತಾರೆ. ಮಕ್ಕಳ ಮುಖ ಭಾನುವಾರ ಮಾತ್ರ ಬೆಳಕಿನಲ್ಲಿ ನೋಡುವ ಅಪ್ಪಂದಿರು ಅಲ್ಲಿದ್ದಾರೆ. ಕಷ್ಟ ಹೌದು. ಆದರೂ ಊರು ಉಳಿಯಿತು. ರೈಲು ಇಲ್ಲದಿದ್ದರೆ ಕೆಜಿಎಫ್ ಅನ್ನುವ ಊರು ಇವತ್ತು ಸಿನಿಮಾದಲ್ಲಿ ಮಾತ್ರ ಇರುತ್ತಿತ್ತು.

ಈಗ ಆ ಹಳಿಗಳ ಮೇಲೆಲ್ಲ ತಂತಿ ಇದೆ. ಬೆಂಗಳೂರು–ಜೋಲಾರಪೇಟೆ ಮಾರ್ಗಕ್ಕೆ ಕರೆಂಟು ಬಂದು ದಶಕಗಳೇ ಆದವು. ಕೋಲಾರ, ಚಿಕ್ಕಬಳ್ಳಾಪುರ ಮಾರ್ಗಕ್ಕೂ ಬಂದಿದೆ. ಮೆಮು ರೈಲುಗಳೂ ಇವೆ. ಮೆಮು ಅಂದರೆ ಬೊಂಬಾಯಿ ಲೋಕಲ್‌ನ ದೂರದ ತಮ್ಮ. ಅದೇ ತಂತ್ರ, ಸಾಮಾನ್ಯವಾಗಿ ನಾಲ್ಕು ಬೋಗಿಗೆ ಒಂದು ಮೋಟಾರು ಬೋಗಿ. ಅಂದರೆ ಹಳಿ ಇದೆ, ತಂತಿ ಇದೆ, ಗಾಡಿಯ ತಂತ್ರಜ್ಞಾನ ಇದೆ, ಹತ್ತುವ ಜನ ಇದ್ದಾರೆ. ಇಲ್ಲದಿರುವುದು ಟೈಮ್ ಟೇಬಲ್ಲಿನಲ್ಲಿ ನಮಗೆ ಜಾಗ.

ಮಾಲೂರು ಸ್ಟೇಷನ್‌ನಲ್ಲಿ ನಾವು ಒಂದು ಬೆಳಿಗ್ಗೆ ಕೂತು ನೋಡಿದೆವು. ಪ್ಯಾಸೆಂಜರ್ ರೈಲು ಬಂದು ಪಕ್ಕದ ಹಳಿಯಲ್ಲಿ ನಿಂತಿತು. ಎಕ್ಸ್‌ಪ್ರೆಸ್ ಒಂದು ಹಾರನ್ ಹೊಡೆದುಕೊಂಡು ಹೋಯಿತು. ಇದು ಇನ್ನೂ ನಿಂತೇ ಇತ್ತು. ಇನ್ನೊಂದು ಹೋಯಿತು. ಒಳಗೆ ಜಾಗ ಸಿಗದೆ ಬಾಗಿಲಲ್ಲಿ ನಿಂತವರು ಇಳಿದು ಬೀಡಿ ಹಚ್ಚಿದರು. ಹಾಲಿನ ಕ್ಯಾನು ಹಿಡಿದಿದ್ದ ಹಿರಿಯರೊಬ್ಬರು, "ಶ್ರೀಮಂತರ ರೈಲು ಹೋಗಲಿ ಬಿಡಪ್ಪ, ನಮ್ದೇನು ಅರ್ಜೆಂಟು" ಅಂದರು. ಸುತ್ತ ಇದ್ದವರು ನಕ್ಕರು. ಲೇಟಾದರೆ ಅರ್ಧ ದಿನದ ಕೂಲಿ ಹೋಗುವ ಹುಡುಗ ಮಾತ್ರ ನಗಲಿಲ್ಲ, ಮತ್ತೆ ಮತ್ತೆ ಫೋನಿನಲ್ಲಿ ಟೈಮ್ ನೋಡುತ್ತಿದ್ದ.

ದಕ್ಷಿಣ ಭಾರತದ ಮೊದಲ ವಂದೇ ಭಾರತ್ 2022ರ ನವೆಂಬರ್ 11ರಂದು ಶುರುವಾಯಿತು. ಮೈಸೂರಿನಿಂದ ಚೆನ್ನೈಗೆ ಹೋಗುವ ರೈಲು. ನಮ್ಮ ಜಿಲ್ಲೆಯ ಹೊಟ್ಟೆ ಸೀಳಿಕೊಂಡು ಹೋಗುತ್ತದೆ. ಜಿಲ್ಲೆಯ ಒಂದೇ ಒಂದು ಸ್ಟೇಷನ್‌ನಲ್ಲೂ ನಿಲುಗಡೆ ಕೊಡದೆ ಶುರು ಮಾಡಿದರು. ಹೋಗಲಿ, ಅದು ನಿಲ್ಲಲೇಬೇಕು ಅಂತ ನಾವು ಕೇಳುತ್ತಿಲ್ಲ. ಅದಕ್ಕೆ ದಾರಿ ಬಿಡಲು ನಮ್ಮ ರೈಲನ್ನು ಪಕ್ಕಕ್ಕೆ ಸರಿಸಬೇಡಿ, ಸರಿಸಲೇಬೇಕಾದರೆ ಇನ್ನೊಂದು ಜೊತೆ ಹಳಿ ಹಾಕಿ ಅಂತ ಕೇಳುತ್ತಿದ್ದೇವೆ.

ಎಕ್ಸ್‌ಪ್ರೆಸ್‌ವೇ ಕತೆ ಇನ್ನೂ ಸೊಗಸಾಗಿದೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಹೊಸಕೋಟೆಯಿಂದ ಹೊರಟು ಮಾಲೂರು, ಬಂಗಾರಪೇಟೆ, ಕೆಜಿಎಫ್ ಕಡೆ ನಮ್ಮ ಜನರ ಜಮೀನುಗಳ ಮೇಲೆ ಹಾದುಹೋಗುತ್ತದೆ. ಅಂಥ ರಸ್ತೆಗಳಲ್ಲಿ ಬೈಕು ಬಿಡುವುದಿಲ್ಲ, ಆಟೊ ಬಿಡುವುದಿಲ್ಲ, ಟ್ರ್ಯಾಕ್ಟರ್ ಬಿಡುವುದಿಲ್ಲ. ಜಮೀನು ಕೊಟ್ಟವನು ಟಿವಿಎಸ್ ಮೇಲೆ ಕೂತು ಬೇಲಿಯ ಆಚೆಯಿಂದ ಕಾರು ಎಣಿಸಬಹುದು, ಅಷ್ಟೇ.

ಈಗ ಬೆಂಗಳೂರಿನ ಕತೆ. ಬೊಂಬಾಯಿಗೆ 1925, ಮದ್ರಾಸಿಗೆ 1931, ಹೈದರಾಬಾದಿಗೆ 2003. ಬೆಂಗಳೂರಿನ ಉಪನಗರ ರೈಲು ಯೋಜನೆಗೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2020ರ ಅಕ್ಟೋಬರಿನಲ್ಲಿ. ನಾಲ್ಕು ಮಾರ್ಗ, ಸುಮಾರು 148 ಕಿ.ಮೀ., 15,767 ಕೋಟಿ ರೂಪಾಯಿ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಹೂವಿನ ಹೆಸರುಗಳು. 2022ರ ಜೂನ್ 20ರಂದು ಪ್ರಧಾನಿ ಅಡಿಗಲ್ಲು ಹಾಕಿ 40 ತಿಂಗಳಲ್ಲಿ ಮುಗಿಸುತ್ತೇವೆ ಅಂದರು. ಬೆರಳು ಮಡಚಿ ಎಣಿಸಿ, 2025ರ ಅಕ್ಟೋಬರಿಗೆ 40 ತಿಂಗಳು ಮುಗಿಯಿತು. ಅಷ್ಟರೊಳಗೆ ಯಾವ ಹೂವೂ ಅರಳಲಿಲ್ಲ. ಇದರ ನಿರ್ವಹಣೆ ಕೆ-ರೈಡ್ ಎಂಬ ಸಂಸ್ಥೆಯದು. ಅದರಲ್ಲಿ ರಾಜ್ಯ ಸರ್ಕಾರವೂ ಇದೆ, ರೈಲ್ವೆ ಇಲಾಖೆಯೂ ಇದೆ. ಹಾಗಾಗಿ ಬೆಂಗಳೂರಿನಲ್ಲಿ ಕೇಳಿದರೆ ದಿಲ್ಲಿ ಕಡೆ ಕೈ ತೋರಿಸುತ್ತಾರೆ, ದಿಲ್ಲಿಯಲ್ಲಿ ಕೇಳಿದರೆ ಬೆಂಗಳೂರಿನ ಕಡೆ. ಅಡ್ಡಗೋಡೆ ಮೇಲಿಟ್ಟ ದೀಪ.

ಆದರೆ ನಮ್ಮ ತಕರಾರು ತಡದ ಬಗ್ಗೆ ಅಲ್ಲ. ಪಾರಿಜಾತ ಮಾರ್ಗ ಕೆಂಗೇರಿಯಿಂದ ಹೊರಟು ನಮ್ಮ ಕಡೆಗೇ ಬರುತ್ತದೆ, ಬಂದು ವೈಟ್‌ಫೀಲ್ಡ್‌ನಲ್ಲಿ ನಿಂತುಬಿಡುತ್ತದೆ. ದಂಡಿನಿಂದ ಹೊಸ ಜೋಡಿ ಹಳಿ ಹಾಕುವ ಕೆಲಸವೂ ವೈಟ್‌ಫೀಲ್ಡ್‌ವರೆಗೆ ಮಾತ್ರ. ಮೆಟ್ರೊ 2023ರಲ್ಲಿ ಬಂದು ಅದೂ ವೈಟ್‌ಫೀಲ್ಡ್‌ನಲ್ಲೇ ನಿಂತಿದೆ. ವೈಟ್‌ಫೀಲ್ಡ್ ಆದಮೇಲೆ ಭೂಮಿ ಮುಗಿದು ಸಮುದ್ರ ಶುರುವಾಗುತ್ತದೆಯೋ ಏನೋ! ಅಲ್ಲಿಂದ ಮಾಲೂರಿಗೆ ಇಪ್ಪತ್ತು ಕಿ.ಮೀ. ಆಸುಪಾಸು. ಬೆಳಿಗ್ಗೆ ವೈಟ್‌ಫೀಲ್ಡ್‌ನಲ್ಲಿ ರೈಲಿನಿಂದ ಇಳಿದು ಮೆಟ್ರೊ ಕಡೆ ಓಡುವ ಜನ ಎಲ್ಲಿಂದ ಬಂದವರು ಅಂತ ಯೋಜನೆ ಮಾಡಿದವರು ಒಂದು ದಿನ ನಿಂತು ಕೇಳಬೇಕಿತ್ತು.

"ಬಂಗಾರಪೇಟೆ ಉಪನಗರ ಹೇಗಾಗುತ್ತೆ, ದೂರ ಅಲ್ವಾ" ಅನ್ನುವವರಿದ್ದಾರೆ. ಬೆಂಗಳೂರು ಸಿಟಿಯಿಂದ ಬಂಗಾರಪೇಟೆಗೆ ಹಳಿಯ ಮೇಲೆ 70 ಕಿ.ಮೀ. ಚೆನ್ನೈ ಸೆಂಟ್ರಲ್‌ನಿಂದ ಅರಕ್ಕೋಣಂಗೆ ಎಷ್ಟು? 69 ಕಿ.ಮೀ. ಚೆನ್ನೈ ಲೋಕಲ್ ರೈಲು ಅರಕ್ಕೋಣಂವರೆಗೆ ಹೋಗುತ್ತದೆ, ಅದಕ್ಕೂ ಮುಂದೆ ತಿರುತ್ತಣಿಗೂ ಹೋಗುತ್ತದೆ. ಬೊಂಬಾಯಿಯ ಲೋಕಲ್ ಕಸಾರಾಗೆ, ಕರ್ಜತ್‌ಗೆ, ನೂರು ಕಿ.ಮೀ. ದಾಟಿಯೂ ಹೋಗುತ್ತದೆ. ಅರಕ್ಕೋಣಂ ಎಲ್ಲೋ ಇಲ್ಲ, ನಾವು ಚೆನ್ನೈಗೆ ಹೋಗುವ ಇದೇ ರೈಲು ದಾರಿಯಲ್ಲಿದೆ. ಒಂದೇ ಹಳಿಯ ಆ ತುದಿಯಲ್ಲಿರುವವರಿಗೆ 69 ಕಿ.ಮೀ. ಹತ್ತಿರ, ಈ ತುದಿಯಲ್ಲಿರುವವರಿಗೆ 70 ಕಿ.ಮೀ. ದೂರ. ಇದು ಯಾವ ಲೆಕ್ಕ ಸ್ವಾಮಿ?

ಇನ್ನೊಂದು ಮಾತು ಹೇಳುತ್ತಾರೆ: ಈ ಮಾರ್ಗದಲ್ಲಿ ರೈಲು ತುಂಬಿ ತುಳುಕುತ್ತಿದೆ, ಹೊಸ ರೈಲಿಗೆ ಜಾಗವೇ ಇಲ್ಲ ಅಂತ. ಇದು ಸುಳ್ಳಲ್ಲ. ಬೆಂಗಳೂರು–ಚೆನ್ನೈ ಎರಡು ಹಳಿಯ ಮೇಲೆ ಎಕ್ಸ್‌ಪ್ರೆಸ್ಸು, ಗೂಡ್ಸು, ಪ್ಯಾಸೆಂಜರ್ ಎಲ್ಲ ಓಡಬೇಕು. ಈ ವಾದಕ್ಕೆ ನಾವು ಗೌರವ ಕೊಡುತ್ತೇವೆ. ಆದರೆ ಬಾವಿಯಲ್ಲಿ ನೀರು ಕಡಿಮೆ ಅಂತ ಗೊತ್ತಿದ್ದವನು ಏನು ಮಾಡಬೇಕು? ಇರುವ ನೀರನ್ನು ಸರಿಯಾಗಿ ಹಂಚಬೇಕು, ಆಮೇಲೆ ಬಾವಿ ಆಳ ಮಾಡಬೇಕು. ಬೆಳಿಗ್ಗೆ, ಸಂಜೆ ಮೂರು ಮೂರು ಗಂಟೆ ದುಡಿಯುವವರ ರೈಲಿಗೆ ಮೊದಲ ದಾರಿ ಬಿಡಿ. ನಾಲ್ಕು ಹಳಿಯ ಕೆಲಸವನ್ನು ವೈಟ್‌ಫೀಲ್ಡ್‌ನಲ್ಲಿ ನಿಲ್ಲಿಸದೆ ಬಂಗಾರಪೇಟೆಗೆ ತನ್ನಿ. ಇಷ್ಟನ್ನೂ ಮಾಡದೆ ಜಾಗ ಇಲ್ಲ ಅಂತ ಹೇಳಿ, ಅದೇ ಬಾಯಲ್ಲಿ ಹೊಸ ಎಕ್ಸ್‌ಪ್ರೆಸ್ಸಿಗೆ ಹಸಿರು ಬಾವುಟ ತೋರಿಸಿದರೆ ನಾವು ನಂಬುವುದು ಹೇಗೆ?

ನರಸಾಪುರಕ್ಕೆ ಬಂದರೆ ಬಂಗಾರಪೇಟೆ ಮಾರ್ಗವೊಂದೇ ಸಾಲದು. ಕೋಲಾರದಿಂದ ಬೆಂಗಳೂರಿಗೆ ರಸ್ತೆ ನೇರ, ರೈಲು ಸುತ್ತು. ಬಂಗಾರಪೇಟೆಗೆ ಇಳಿದು ಹೋಗಬೇಕು, ಇಲ್ಲವೇ ಚಿಕ್ಕಬಳ್ಳಾಪುರಕ್ಕೆ ಹತ್ತಿ ಹೋಗಬೇಕು. ಇದಕ್ಕೆ ಪರಿಹಾರ ರೈಲ್ವೆ ಬಜೆಟ್ ಪುಸ್ತಕದಲ್ಲೇ ಇತ್ತು: ವೈಟ್‌ಫೀಲ್ಡ್–ಕೋಲಾರ ಹೊಸ ಮಾರ್ಗ, ಸುಮಾರು 53 ಕಿ.ಮೀ. ಹೆಸರು ಬರೆದು ಹತ್ತು ವರ್ಷದ ಮೇಲಾಯಿತು, ಒಂದು ಸ್ಲೀಪರ್ ಬಿದ್ದಿಲ್ಲ. ಹೊಸಕೋಟೆ, ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳಿಲ್ಲದ ಕಾಲದಲ್ಲಿ ಆ ಮಾರ್ಗ ಲಾಭ ತರಲ್ಲ ಅಂದಿದ್ದರೆ ಒಪ್ಪಬಹುದಿತ್ತು. ಇವತ್ತು ಆ ಮಾತು ಹೇಳುವವನು ನರಸಾಪುರದ ಗೇಟಿನ ಮುಂದೆ ಶಿಫ್ಟ್ ಬಿಡುವಾಗ ಬಂದು ನಿಂತು ಹೇಳಲಿ.

ದುಡ್ಡಿಲ್ಲ, ತಂತ್ರಜ್ಞಾನ ಇಲ್ಲ, ದೂರ ಅಂತ ಹೇಳುವವರಿಗೆ ನಮ್ಮ ಕೆರೆಯನ್ನು ತೋರಿಸಬೇಕು. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಜಿಲ್ಲೆಗೆ ಬಂತು. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ, ಪಂಪ್ ಮಾಡಿ, ಪೈಪಿನಲ್ಲಿ ಇಲ್ಲಿಯವರೆಗೆ ತಂದರು. ಮೊದಲು ಲಕ್ಷ್ಮೀಸಾಗರ ಕೆರೆ, ಆಮೇಲೆ ನಮ್ಮ ನರಸಾಪುರ ಕೆರೆ. ಆ ನೀರು ಒಳ್ಳೆಯದೋ ಕೆಟ್ಟದ್ದೋ ಅನ್ನುವ ಜಗಳ ಇನ್ನೂ ಇದೆ, ಅದನ್ನು ಇನ್ನೊಂದು ದಿನ ಬರೆಯುತ್ತೇವೆ. ಕೆರೆ ತುಂಬಿದ್ದಂತೂ ನಿಜ. ಮನಸ್ಸು ಮಾಡಿದರೆ ಬೆಂಗಳೂರಿನಿಂದ ನರಸಾಪುರಕ್ಕೆ ಗೆರೆ ಎಳೆಯಬಹುದು, ದುಡ್ಡು ಹೊಂದಿಸಬಹುದು, ರಸ್ತೆ ಅಗೆಯಬಹುದು, ಕೆಲವೇ ವರ್ಷದಲ್ಲಿ ಮುಗಿಸಬಹುದು ಅಂತ ಸರ್ಕಾರವೇ ತೋರಿಸಿಕೊಟ್ಟಿದೆ. ಬೆಂಗಳೂರಿಗೆ ಬೇಡವಾದ ನೀರು ಇಲ್ಲಿಗೆ ಬಂತು. ಇಲ್ಲಿಯ ಜನ ಹೋಗಿ ಬರುವ ರೈಲು ಬರಲಿಲ್ಲ.

ರಾಜಕೀಯದವರನ್ನು ಬೈಯದೆ ಈ ಲೇಖನ ಮುಗಿಸಿದರೆ ನೀವೇ ನಮ್ಮನ್ನು ಬೈತೀರಿ. ನಮ್ಮ ಸಂಸದರಾಗಿದ್ದ ಕೆ.ಎಚ್. ಮುನಿಯಪ್ಪ ಅವರು 2009ರಿಂದ 2012ರವರೆಗೆ ರೈಲ್ವೆ ರಾಜ್ಯ ಸಚಿವರೇ ಆಗಿದ್ದರು. 2014ರ ಲೋಕಸಭೆ ಚುನಾವಣೆಗೆ ಸ್ವಲ್ಪ ಮೊದಲು ಶ್ರೀನಿವಾಸಪುರದಲ್ಲಿ ರೈಲು ಬೋಗಿ ಕಾರ್ಖಾನೆಗೆ ಅಡಿಗಲ್ಲು ಬಿತ್ತು. ಬೋಗಿ ಹೊರಗೆ ಬರುವುದಿರಲಿ, ಅಡಿಗಲ್ಲಿನ ಮೇಲೆ ಗೋಡೆಯೂ ಏಳಲಿಲ್ಲ. 2014, 2019, 2024, ಮೂರು ಚುನಾವಣೆಯಲ್ಲಿ ಮೂರು ಪಕ್ಷದವರನ್ನು ಈ ಜಿಲ್ಲೆ ದಿಲ್ಲಿಗೆ ಕಳಿಸಿದೆ. ಕಾಂಗ್ರೆಸ್ಸು, ಬಿಜೆಪಿ, ಜೆಡಿಎಸ್ಸು. ಆದ್ದರಿಂದ ನಿಮ್ಮ ಪಕ್ಷದವರನ್ನೇ ಯಾಕೆ ಬೈತೀರಿ ಅಂತ ನಮಗೆ ಯಾರೂ ಫೋನ್ ಮಾಡುವ ಹಾಗಿಲ್ಲ.

ತಪ್ಪು ಅವರದ್ದು ಮಾತ್ರವಲ್ಲ ಅನ್ನುವುದೂ ನಿಜ. ನಾವು ಕೇಳಿದ್ದೇನು? ಬೋಗಿ ಕಾರ್ಖಾನೆ ಕೇಳಿದೆವು, ಎಕ್ಸ್‌ಪ್ರೆಸ್ಸಿಗೆ ಸ್ಟಾಪ್ ಕೇಳಿದೆವು, ಈಗ ಮೆಟ್ರೊ ಕೇಳುತ್ತಿದ್ದೇವೆ. ಬೆಳಿಗ್ಗೆ ಆರರ ಶಿಫ್ಟಿಗೆ ಮುಟ್ಟಿಸುವ, ರಾತ್ರಿ ಹತ್ತರ ಶಿಫ್ಟ್ ಬಿಟ್ಟ ಮೇಲೆ ಮನೆಗೆ ಸೇರಿಸುವ ಒಂದು ಲೋಕಲ್ ರೈಲು ಅಂತ ನಾವು ಗಟ್ಟಿಯಾಗಿ ಕೇಳಿದ್ದು ಕಡಿಮೆ. ಅದು ಭಾಷಣಕ್ಕೆ ಚೆನ್ನಾಗಿರುವುದಿಲ್ಲ, ಬ್ಯಾನರಿಗೆ ಒಪ್ಪುವುದಿಲ್ಲ. ಬೋಗಿ ಕಾರ್ಖಾನೆ ಅಂದರೆ ಕೇಳಲು ದೊಡ್ಡದು, 10.20ರ ಮೆಮು ಅಂದರೆ ಸಣ್ಣದು.

ಇದರಲ್ಲಿ ಹೆಣ್ಣುಮಕ್ಕಳ ಪಾಲು ದೊಡ್ಡದು. ನರಸಾಪುರದ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಅವರು ಬಹಳ ಜನ. ಡಿಗ್ರಿ ಮುಗಿಸಿ ಮೊದಲ ಸಲ ಸ್ವಂತ ಸಂಬಳ ಕಂಡವರು. ಮನೆಯಲ್ಲಿ ಒಪ್ಪಿಸಿ ಬಂದವರು. ಅವರು ಕೆಲಸ ಬಿಡುವಾಗ ಹೇಳುವ ಕಾರಣ ಏನು ಅಂತ ನಮ್ಮ ಗೆಳತಿಯರನ್ನು ಕೇಳಿದೆವು. ಕೆಲಸ ಕಷ್ಟ ಅಂತ ಹೇಳಿದವರು ಕಡಿಮೆ. "ಬರೋದು ಹೋಗೋದೇ ಆಗಲ್ಲಪ್ಪ, ಮನೇಲಿ ಬೇಡ ಅಂದ್ರು" ಅಂದವರೇ ಹೆಚ್ಚು. ಇಲ್ಲದಿದ್ದರೆ ನರಸಾಪುರದಲ್ಲೇ ಒಂದು ರೂಮಿನಲ್ಲಿ ಆರು ಜನ ಇರಬೇಕು, ಸಂಬಳದಲ್ಲಿ ಒಂದು ಪಾಲು ಬಾಡಿಗೆಗೆ ಕೊಡಬೇಕು. ಊರು ಇಪ್ಪತ್ತು ಮೂವತ್ತು ಕಿ.ಮೀ. ದೂರದಲ್ಲೇ ಇದ್ದರೂ ಅಮ್ಮನ ಕೈ ಊಟ ಭಾನುವಾರಕ್ಕೆ.

ಹೊಸ ಮಾರ್ಗ ನಾಳೆಯೇ ಬರಲ್ಲ, ಅದು ನಮಗೂ ಗೊತ್ತು. ಬರುವವರೆಗೆ ಈ ತಿಂಗಳೇ ಮಾಡಬಹುದಾದ ಕೆಲಸ ಇದೆ. ಮಾಲೂರು ಮತ್ತು ಕೋಲಾರ ಸ್ಟೇಷನ್‌ಗಳಿಂದ ನರಸಾಪುರಕ್ಕೆ, ರೈಲು ಬರುವ ಹೊತ್ತಿಗೆ ಸರಿಯಾಗಿ ಸರ್ಕಾರಿ ಬಸ್ ಬಿಡಬೇಕು. ಸ್ಟೇಷನ್ ಬಾಗಿಲಿನಿಂದಲೇ ಬಸ್ ಹೊರಡಬೇಕು, ರೈಲು ತಡವಾದರೆ ಕಾಯಬೇಕು. ಇದಕ್ಕೆ ಹಳಿ ಬೇಡ, ತಂತಿ ಬೇಡ, ದಿಲ್ಲಿ ಬೇಡ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಸಾರಿಗೆಯವರು, ರೈಲ್ವೆಯವರು, ಕಾರ್ಖಾನೆಯವರು ಒಂದು ಮೇಜಿನ ಸುತ್ತ ಒಂದು ಮಧ್ಯಾಹ್ನ ಕೂತರೆ ಸಾಕು. ಮೆಮು ರೈಲಿನ ಟೈಮನ್ನು ಶಿಫ್ಟಿಗೆ ತಕ್ಕಂತೆ ಅರ್ಧ ಗಂಟೆ ಹಿಂದೆ ಮುಂದೆ ಮಾಡುವುದೂ ಅದೇ ಮೇಜಿನ ಮೇಲಿನ ಕೆಲಸ.

ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಗೆ ಹೋಗಿ. ಚರಂಡಿ, ನಲ್ಲಿ, ಬೀದಿ ದೀಪದ ಮಾತು ಮುಗಿದ ಮೇಲೆ ಎದ್ದು ನಿಂತು ಈ ಮೂರನ್ನು ನಿರ್ಣಯದಲ್ಲಿ ಬರೆಸಿ. ಒಂದು, ರೈಲಿನ ಹೊತ್ತಿಗೆ ಮಾಲೂರು ಮತ್ತು ಕೋಲಾರ ಸ್ಟೇಷನ್ ಬಸ್. ಎರಡು, ಉಪನಗರ ರೈಲನ್ನು ವೈಟ್‌ಫೀಲ್ಡ್ ದಾಟಿಸಿ ಬಂಗಾರಪೇಟೆಯವರೆಗೆ ತರುವುದು. ಮೂರು, ವೈಟ್‌ಫೀಲ್ಡ್–ಕೋಲಾರ ಮಾರ್ಗ, ಅದರಲ್ಲಿ ನರಸಾಪುರಕ್ಕೆ ಒಂದು ಸ್ಟೇಷನ್. ಬಾಯಲ್ಲಿ ಹೇಳಿ ಬರಬೇಡಿ, ಪುಸ್ತಕದಲ್ಲಿ ಬರೆಸಿ, ಪಿಡಿಒ ಅವರ ಸಹಿ ಹಾಕಿಸಿ, ಪ್ರತಿ ತೆಗೆದುಕೊಳ್ಳಿ. ಫೋಟೊ ತೆಗೆದು ನಮಗೆ ಕಳಿಸಿ. ಬಂದ ಪ್ರತಿಗಳನ್ನೆಲ್ಲ ಸೇರಿಸಿ ಸಂಸದರ ಕಚೇರಿಗೂ ಜಿಲ್ಲಾಧಿಕಾರಿ ಕಚೇರಿಗೂ ನಾವೇ ತೆಗೆದುಕೊಂಡು ಹೋಗುತ್ತೇವೆ. ಯಾವ ಪಂಚಾಯಿತಿ ಬರೆಯಿತು, ಯಾವುದು ಬರೆಯಲಿಲ್ಲ ಅನ್ನುವ ಪಟ್ಟಿಯನ್ನು ಇಲ್ಲೇ ಹಾಕುತ್ತೇವೆ.